ಔಷಧದಾನ, ಗೋರಕ್ಷಣೆ ಮತ್ತು ಸಸ್ಯೌಷಧ ಪರಂಪರೆ

ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ಚತುರ್ವಿಧ ದಾನಗಳಲ್ಲಿ ಔಷಧದಾನಕ್ಕೆ ವಿಶಿಷ್ಟ ಸ್ಥಾನವಿದೆ. ಒಂದು ಜೀವದ ನೋವನ್ನು ನೀಗಲು ಇನ್ನೊಂದು ಜೀವವನ್ನು ನೋಯಿಸಬಾರದೆಂಬ ಎಚ್ಚರವೇ ಕರ್ನಾಟಕದ ಜೈನ ವೈದ್ಯಗ್ರಂಥಗಳ ಜೀವಾಳ. ಒಂಬತ್ತನೆಯ ಶತಮಾನದ ಉಗ್ರಾದಿತ್ಯಾಚಾರ್ಯರು ತಮ್ಮ ಸಂಸ್ಕೃತ ‘ಕಲ್ಯಾಣಕಾರಕ’ದಲ್ಲಿ ಮದ್ಯ, ಮಾಂಸ, ಮಧುಗಳನ್ನು ಚಿಕಿತ್ಸೆಯಿಂದ ದೂರವಿರಿಸಿದರು. ಮಾಂಸಭಕ್ಷಣೆಯನ್ನು ನಿರಾಕರಿಸುವ ವಾದವನ್ನು ಅವರು ನೃಪತುಂಗನ ಆಸ್ಥಾನದಲ್ಲಿ ಮಂಡಿಸಿದರೆಂದು ಆ ಗ್ರಂಥದಿಂದಲೇ ತಿಳಿದುಬರುತ್ತದೆ. ಈ ಕೃತಿ 1940ರಲ್ಲಿ ಸೊಲ್ಲಾಪುರದಿಂದ ಪ್ರಕಟವಾಯಿತು. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ವೈದ್ಯಗ್ರಂಥವನ್ನು ಕನ್ನಡಕ್ಕೆ ತಂದನು. ಚಾಲುಕ್ಯ ರಾಜಕುಮಾರ ಕೀರ್ತಿವರ್ಮನು ಮೂಕಪ್ರಾಣಿಗಳಿಗಾಗಿ ‘ಗೋವೈದ್ಯ’ವನ್ನೇ ರಚಿಸಿದನು.

ಗೋಸಂಪತ್ತಿನ ಮಾತು ಬಂದಾಗ ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಕಾವಲುಗಳು ನೆನಪಿಗೆ ಬರುತ್ತವೆ. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ ಟಿಪ್ಪುವಿನ ಕಾಲದಲ್ಲಿ ‘ಅಮೃತಮಹಲ್’ ಎಂಬ ಹೆಸರು ಪಡೆಯಿತು. ಆ ತಳಿಯ ಸಂವರ್ಧನ ಕೇಂದ್ರ ಅಜ್ಜಂಪುರದಲ್ಲಿದೆ. ಕಡೂರು ತಾಲ್ಲೂಕಿನ ಬಾಸೂರು ಕಾವಲು ಕೃಷ್ಣಮೃಗಗಳಿಗೂ ಆಶ್ರಯವಾಗಿ 2011ರಲ್ಲಿ ಸಂರಕ್ಷಿತ ಮೀಸಲು ಪ್ರದೇಶವೆನಿಸಿತು. ಬಯಲಿನ ಹುಲ್ಲು ಮೇಯ್ದು ಬೆಳೆಯುವ ಈ ರಾಸುಗಳು ಕಷ್ಟಸಹಿಷ್ಣುತೆಗೆ ಹೆಸರಾದವು.

ಇದಕ್ಕೆ ವಿರುದ್ಧವಾದುದು ಪ್ರಾಣಿಗಳನ್ನು ಇಕ್ಕಟ್ಟಿನಲ್ಲಿ ತುಂಬಿ ಸಾಕುವ ಆಧುನಿಕ ಪದ್ಧತಿ. ಅಲ್ಲಿ ಬೇಗ ಕೊಬ್ಬಲೆಂದು ಆರೋಗ್ಯವಂತ ಪ್ರಾಣಿಗಳ ಮೇವಿನಲ್ಲೂ ಆಂಟಿಬಯಾಟಿಕ್ ಔಷಧಗಳನ್ನು ಬೆರೆಸುವ ರೂಢಿ ಬೆಳೆಯಿತು. ಪ್ರತಿ ಪ್ರಯೋಗದಲ್ಲೂ ದುರ್ಬಲ ಬ್ಯಾಕ್ಟೀರಿಯಗಳು ಸಾಯುತ್ತವೆ. ಔಷಧವನ್ನು ತಡೆದುಕೊಂಡವು ಉಳಿದು ವೃದ್ಧಿಸುತ್ತವೆ. 1928ರಲ್ಲಿ ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ನೊಬೆಲ್ ಉಪನ್ಯಾಸದಲ್ಲಿಯೇ ಈ ಅಪಾಯವನ್ನು ಎಚ್ಚರಿಸಿದ್ದರು. ಐರೋಪ್ಯ ಒಕ್ಕೂಟ ಮೇವಿನಲ್ಲಿ ಬೆಳವಣಿಗೆಗಾಗಿ ಇವುಗಳ ಬಳಕೆಯನ್ನು 2006ರಿಂದ ನಿಷೇಧಿಸಿತು. ಭಾರತ ಸರ್ಕಾರ 2019ರಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಬಳಸುವುದನ್ನು ನಿಷೇಧಿಸಿತು.

‘ನಾವು ಸಸ್ಯಾಹಾರಿಗಳು, ನಮಗೇನು?’ ಎಂದು ಸುಮ್ಮನಿರುವಂತಿಲ್ಲ. ಸಾಲ್ಮೊನೆಲ್ಲಾ, ಇ. ಕೋಲೈ ಮುಂತಾದವುಗಳ ಔಷಧಕ್ಕೆ ಬಗ್ಗದ ತಳಿಗಳು ಗೊಬ್ಬರ ಮತ್ತು ನೀರಿನ ಮೂಲಕ ಸೊಪ್ಪು ತರಕಾರಿಗಳನ್ನು, ಹಸಿ ಹಾಲಿನ ಮೂಲಕ ಮನೆಯನ್ನು ತಲುಪಬಲ್ಲವು.

ಇಲ್ಲಿ ಸಸ್ಯಸಾರಗಳ ಪ್ರಶ್ನೆ ಏಳುತ್ತದೆ. ಲವಂಗದ ಯುಜಿನಾಲ್, ಓಮದ ಥೈಮಾಲ್, ದಾಲ್ಚಿನ್ನಿಯ ಸಿನಮಾಲ್ಡಿಹೈಡ್ ಬ್ಯಾಕ್ಟೀರಿಯದ ಕೋಶಪೊರೆಯನ್ನು ಕೆಡಿಸುವುದು ಪ್ರಯೋಗಶಾಲೆಗಳಲ್ಲಿ ಸಿದ್ಧವಾಗಿದೆ. ಬೆಳ್ಳುಳ್ಳಿಯ ಆಲಿಸಿನ್ 1944ರಲ್ಲಿಯೇ ಬೇರ್ಪಟ್ಟಿತಾದರೂ, ಕಂದಮೂಲಗಳನ್ನು ತ್ಯಜಿಸಿದ ಅಡಿಗೆಮನೆಗೆ ಲವಂಗ, ಓಮಗಳೇ ಹೊಂದುತ್ತವೆ. ಆದರೆ ಪ್ರಯೋಗಶಾಲೆಯ ಗಾಜಿನ ತಟ್ಟೆಯೇ ಬೇರೆ, ಊಟದ ತಟ್ಟೆಯೇ ಬೇರೆ. ಆಹಾರದ ಕೊಬ್ಬು ಮತ್ತು ಪ್ರೋಟೀನುಗಳ ನಡುವೆ ಈ ಸಾರಗಳ ಶಕ್ತಿ ಕುಗ್ಗುತ್ತದೆ. ಪ್ರಮಾಣ ಹೆಚ್ಚಿಸಿದರೆ ರುಚಿ ಕೆಡುತ್ತದೆ. ಮೇವಿನಲ್ಲಿ, ಆಹಾರ ಸಂರಕ್ಷಣೆಯಲ್ಲಿ ಇವು ಆಂಟಿಬಯಾಟಿಕ್‌ಗಳ ಅಗತ್ಯವನ್ನು ತಗ್ಗಿಸಲು ನೆರವಾಗಬಹುದು. ತೀವ್ರ ಸೋಂಕಿನಿಂದ ನರಳುವ ಮನುಷ್ಯನಿಗಾಗಲಿ ಹಸುವಿಗಾಗಲಿ ವೈದ್ಯರು ವಿಧಿಸಿದ ಔಷಧವನ್ನು ಕಷಾಯದ ಹೆಸರಿನಲ್ಲಿ ತಪ್ಪಿಸುವುದು ಮಾತ್ರ ದಯೆಯಲ್ಲ.

ನಮ್ಮ ಪೂರ್ವಾಚಾರ್ಯರು ಬ್ಯಾಕ್ಟೀರಿಯವನ್ನು ಕಂಡವರಲ್ಲ. ಇಂದಿನ ವಿಜ್ಞಾನವನ್ನೆಲ್ಲ ಅವರ ಗ್ರಂಥಗಳಲ್ಲಿ ಹುಡುಕುವುದು ಅವರಿಗೆ ಗೌರವವೂ ಅಲ್ಲ. ಅವರು ಉಳಿಸಿಹೋದುದು ಸಂಯಮದ ದೃಷ್ಟಿಯನ್ನು. ಸಿದ್ಧಾಹಾರಕ್ಕೆ ಕಾಲಮರ್ಯಾದೆ ಹಾಕಿದ್ದು, ನೀರನ್ನು ಸೋಸಿ, ಕಾಯಿಸಿ ಪ್ರಾಸುಕಗೊಳಿಸಿದ್ದು ಆ ದೃಷ್ಟಿಯಿಂದಲೇ. ಬಟ್ಟೆಯ ರಂಧ್ರಗಳಲ್ಲಿ ಬ್ಯಾಕ್ಟೀರಿಯಗಳು ನುಸುಳಬಲ್ಲವಾದ್ದರಿಂದ ಸೋಸಿದರಷ್ಟೇ ಸಾಲದು, ಕುದಿಸಲೂ ಬೇಕು.

ಬಸದಿಗಳ ಟ್ರಸ್ಟುಗಳು ಈ ದೃಷ್ಟಿಯನ್ನು ಆಚರಣೆಗೆ ತರಬೇಕು. ಪಂಚಕಲ್ಯಾಣ, ರಥೋತ್ಸವಗಳ ಅಡಿಗೆಯನ್ನು ಅಂದಂದೇ ಸಿದ್ಧಪಡಿಸಿ ಬಿಸಿಯಾಗಿಯೇ ಬಡಿಸಲಿ. ಗೋಶಾಲೆಗಳಲ್ಲಿ ಪಶುವೈದ್ಯರ ಸಲಹೆಯಿಲ್ಲದೆ ಆಂಟಿಬಯಾಟಿಕ್ ಕೊಡದಿರಲಿ. ಕೊಟ್ಟಾಗ, ಅವರು ಹೇಳಿದಷ್ಟು ದಿನ ಆ ಹಸುವಿನ ಹಾಲನ್ನು ಬಳಸದಿರಲಿ. ಔಷಧವನ್ನು ದಾನ ಮಾಡುವುದು ಪುಣ್ಯಕಾರ್ಯ. ಆ ಔಷಧದ ಶಕ್ತಿ ಮುಂದಿನ ಪೀಳಿಗೆಗೂ ಉಳಿಯುವಂತೆ ಮಿತವಾಗಿ ಬಳಸುವುದೂ ಔಷಧದಾನವೇ ಸರಿ.