ಮನೆ ಕಂಪ್ಯೂಟರ್‌ನಲ್ಲೇ ಅಂಗಡಿ ವೆಬ್‌ಸೈಟ್: ಮೊದಲು ಇಷ್ಟು ನೋಡ್ಕೊಳ್ಳಿ

ದರಪಟ್ಟಿ, ಫೋಟೊ ಹಾಕೋಕೆ ಹಳೇ ಕಂಪ್ಯೂಟರ್ ಸಾಕು. ಆದರೆ ಬಿಲ್ಲಿಂಗ್, ಉದ್ರಿ ಲೆಕ್ಕ ಇರುವ ಕಂಪ್ಯೂಟರನ್ನೇ ಸರ್ವರ್ ಮಾಡಬೇಡಿ. ಯಾರಾದರೂ ಒಳಗೆ ನುಗ್ಗಿದರೆ ಲೆಕ್ಕವೆಲ್ಲ ಅವರ ಕೈಗೆ ಹೋಗುತ್ತೆ.

* ಉಬುಂಟು, ಎಂಜಿನ್‌ಎಕ್ಸ್ ಎರಡೂ ಉಚಿತ. ಅಪ್‌ಡೇಟ್ ತಾನಾಗೇ ಆಗುವಂತೆ ಇಡಿ.
* ರೂಟರ್‌ನಲ್ಲಿ ವ್ಯಾನ್ ಐಪಿ ನೋಡಿ. 100.64ರಿಂದ 100.127ರ ಒಳಗಿದ್ದರೆ ಹೊರಗಿನವರಿಗೆ ಸೈಟ್ ಸಿಗಲ್ಲ. ಇಂಟರ್‌ನೆಟ್ ಕೊಡುವವರ ಹತ್ತಿರ ಸ್ಟ್ಯಾಟಿಕ್ ಪಬ್ಲಿಕ್ ಐಪಿ ಕೇಳಿ.
* ರೂಟರ್ ಜೊತೆ ಬಂದ ಪಾಸ್‌ವರ್ಡ್ ಬದಲಿಸಿ. 80, 443 ಪೋರ್ಟ್ ಮಾತ್ರ ತೆರೆಯಿರಿ. 22, 3389 ಅಂದ್ರೆ ದೂರದಿಂದ ಕಂಪ್ಯೂಟರ್ ನಡೆಸುವ ದಾರಿ, ಮುಚ್ಚಿಡಿ.
* ಡೊಮೇನ್ ಹೆಸರಿದ್ದರೆ ಲೆಟ್ಸ್ ಎನ್‌ಕ್ರಿಪ್ಟ್‌ನಿಂದ ಎಚ್‌ಟಿಟಿಪಿಎಸ್ ಸರ್ಟಿಫಿಕೇಟ್ ಪುಕ್ಕಟೆ ಸಿಗುತ್ತೆ.
* ಬಿಲ್ಲಿಂಗ್ ಕಂಪ್ಯೂಟರಿನ ಫೈಲ್ ಶೇರಿಂಗ್ ಆಫ್ ಮಾಡಿ. ಬ್ಯಾಕಪ್ ತೆಗೆದ ಪೆನ್‌ಡ್ರೈವ್ ಬೇರೆ ಕಡೆ ಎತ್ತಿಡಿ.

ಕರೆಂಟ್ ಹೋದ್ರೆ ಸೈಟೂ ಹೋಗುತ್ತೆ. ರೂಟರ್, ಕಂಪ್ಯೂಟರ್ ಎರಡಕ್ಕೂ ಯುಪಿಎಸ್ ಇರಲಿ.