ಗೃಹ ಹವಾನಿಯಂತ್ರಣ ಪರವಾನಗಿ (ಕ್ಯಾಲಿಫೋರ್ನಿಯಾ)

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಮನೆಯ ಫರ್ನೇಸ್, ಏರ್ ಕಂಡಿಷನರ್ ಅಥವಾ ಹೀಟ್ ಪಂಪನ್ನು ಹೊಸದಾಗಿ ಕೂರಿಸಲು ನಗರ ಅಥವಾ ಕೌಂಟಿಯ ಕಟ್ಟಡ ಇಲಾಖೆಯ ಅನುಮತಿ ಬೇಕು. ಹಳೆಯದನ್ನು ತೆಗೆದು ಅದೇ ಜಾಗದಲ್ಲಿ ಅದೇ ಬಗೆಯದನ್ನು ಇಟ್ಟರೂ ಬೇಕು. ಜನ ಹೆಚ್ಚಾಗಿ ಎಡವುವುದು ಇಲ್ಲಿಯೇ. ಎತ್ತಿಡಬಹುದಾದ ಕೂಲರ್, ಹೀಟರುಗಳಿಗೆ ವಿನಾಯಿತಿಯಿದೆ.

ನಿಯಮಗಳ ಮೂಲ ರಾಜ್ಯದ ಕಟ್ಟಡ ಸಂಹಿತೆಯಾದ ಟೈಟಲ್ 24. ಮೂರು ವರ್ಷಕ್ಕೊಮ್ಮೆ ಪರಿಷ್ಕರಣೆಗೊಳ್ಳುವ ಇದರ 4ನೇ ಭಾಗ ಯಂತ್ರೋಪಕರಣಗಳ ಸುರಕ್ಷತೆಯನ್ನೂ 6ನೇ ಭಾಗ ಇಂಧನ ದಕ್ಷತೆಯನ್ನೂ ನೋಡಿಕೊಳ್ಳುತ್ತದೆ. ಶುಲ್ಕ, ಅರ್ಜಿಯ ಕ್ರಮ ಊರಿಂದೂರಿಗೆ ಬೇರೆ. ಅರ್ಜಿ ಹಾಕುವವರು ಸಾಮಾನ್ಯವಾಗಿ ಹವಾನಿಯಂತ್ರಣ ಕೆಲಸಕ್ಕೆ ರಾಜ್ಯ ಕೊಡುವ ಸಿ-20 ಲೈಸೆನ್ಸುಳ್ಳ ಗುತ್ತಿಗೆದಾರರು. ಮನೆಯ ಒಡೆಯರೂ ಹಾಕಬಹುದು, ಆಗ ಹೊಣೆಯೂ ಅವರದೇ.

ತಪಾಸಣೆಗೆ ಬಂದ ಅಧಿಕಾರಿ ಗ್ಯಾಸ್ ಕೊಳವೆಯ ವಾಲ್ವ್, ಹೊಗೆ ಕೊಳವೆಯ ಜೋಡಣೆ, ನೀರು ಹರಿದುಹೋಗುವ ಪೈಪು, ಹೊರಗಿನ ಯಂತ್ರದ ಪಕ್ಕದ ವಿದ್ಯುತ್ ಸ್ವಿಚ್ಚುಗಳನ್ನು ನೋಡುತ್ತಾರೆ. ಹೊಗೆ ಕೊಳವೆ ಸಡಿಲವಾಗಿದ್ದರೆ ವಾಸನೆಯೇ ಇಲ್ಲದ ಕಾರ್ಬನ್ ಮೋನಾಕ್ಸೈಡ್ ಮಲಗಿದವರ ಕೋಣೆಗೆ ನುಗ್ಗಬಹುದು. ಶುಲ್ಕ ಉಳಿಸಲು ಅನುಮತಿ ತಪ್ಪಿಸುವವರು ಪಣಕ್ಕಿಡುವುದು ಮನೆಯವರ ಜೀವವನ್ನು. ಗಾಳಿ ಕೊಳವೆಗಳಿರುವ ವ್ಯವಸ್ಥೆಯಲ್ಲಿ ಯಂತ್ರ ಬದಲಿಸಿದಾಗ ಸಾಮಾನ್ಯವಾಗಿ ಸೋರಿಕೆ ಪರೀಕ್ಷೆಯೂ ಆಗಬೇಕು. ಅದನ್ನು ದೃಢಪಡಿಸುವವರು ಗುತ್ತಿಗೆದಾರರಿಗೆ ಸಂಬಂಧಪಡದ ಸ್ವತಂತ್ರ ಪರೀಕ್ಷಕರು.

ಸ್ಯಾನ್ ಹೋಸೆ, ಫ್ರೀಮಾಂಟ್‌ಗಳಲ್ಲಿ ಹಳೆಯ ಮನೆ ಕೊಳ್ಳುವ ಕನ್ನಡಿಗರು ಪರವಾನಗಿಯ ದಾಖಲೆ ಕೇಳಿ ನೋಡುವುದು ಒಳ್ಳೆಯದು. ಅನುಮತಿಯಿಲ್ಲದೆ ನಡೆದ ಕೆಲಸ ತಮಗೆ ಗೊತ್ತಿದ್ದರೆ ಮಾರುವವರು ಅದನ್ನು ಬರಹದಲ್ಲಿ ತಿಳಿಸಲೇಬೇಕು.