ಶೇರುಪೇಟೆಯ ಯಾದಿಗೆ ಸೇರಲು ಕಂಪೆನಿಗಿರಬೇಕಾದ ಅರ್ಹತೆಗಳು

ಕಂಪೆನಿಯೊಂದರ ಶೇರುಗಳನ್ನು ಸಾರ್ವಜನಿಕರು ಕೊಳ್ಳಲು, ಮಾರಲು ಅನುವಾಗುವಂತೆ ವಿನಿಮಯ ಕೇಂದ್ರದ ಯಾದಿಗೆ ಸೇರಿಸಿಕೊಳ್ಳುವುದನ್ನು ಲಿಸ್ಟಿಂಗ್ ಎನ್ನುತ್ತಾರೆ. 1875ರಲ್ಲಿ ಸ್ಥಾಪನೆಗೊಂಡ ನಮ್ಮ ದಲಾಲ್ ಸ್ಟ್ರೀಟಿನ ಬಿಎಸ್‌ಇ ಹಾಗೂ 1994ರಲ್ಲಿ ವಹಿವಾಟು ಆರಂಭಿಸಿದ ಎನ್‌ಎಸ್‌ಇ ಇಂದು ಇದರ ಪ್ರಧಾನ ವೇದಿಕೆಗಳು. ಬೆಂಗಳೂರು ಶೇರು ವಿನಿಮಯ ಕೇಂದ್ರವು 2014ರಲ್ಲಿ ಮಾನ್ಯತೆ ಕಳೆದುಕೊಂಡಿರುವುದರಿಂದ ಕರ್ನಾಟಕದ ಕಂಪೆನಿಗಳೂ ಇವೆರಡನ್ನೇ ಆಶ್ರಯಿಸಿವೆ.

ಅರ್ಹತೆಯನ್ನು ನಿರ್ಧರಿಸುವುದು ಸೆಬಿಯ 2018ರ ನಿಯಮಾವಳಿ. ಹಿಂದಿನ ಮೂರು ಪೂರ್ಣ ವರ್ಷಗಳಲ್ಲಿ ಪ್ರತಿವರ್ಷವೂ ಕನಿಷ್ಠ 3 ಕೋಟಿ ರೂಪಾಯಿಯ ನಿವ್ವಳ ಮೂರ್ತ ಆಸ್ತಿ ಹಾಗೂ 1 ಕೋಟಿಯ ನಿವ್ವಳ ಮೌಲ್ಯ ಇರಬೇಕು. ಮೂರೂ ವರ್ಷ ವ್ಯವಹಾರದಿಂದ ಲಾಭ ಬಂದಿರಬೇಕು. ಅದರ ಸರಾಸರಿ 15 ಕೋಟಿಗೆ ಕಡಿಮೆಯಿರಕೂಡದು. ಪ್ರವರ್ತಕರು ಶೇ. 20ರಷ್ಟು ಪಾಲನ್ನಾದರೂ ಉಳಿಸಿಕೊಂಡು, ಸಾಮಾನ್ಯವಾಗಿ 18 ತಿಂಗಳು ಮಾರದೆ ಇಟ್ಟುಕೊಳ್ಳತಕ್ಕದ್ದು. ಸಾರ್ವಜನಿಕರಿಗೆ ಶೇ. 25ರಷ್ಟು ಪಾಲು ದೊರೆಯಬೇಕು. ಬೃಹತ್ ಕಂಪೆನಿಗಳಿಗೆ ಇದನ್ನು ಪೂರೈಸಲು ಕಾಲಾವಕಾಶವಿದೆ.

ಲಾಭವೇ ಇಲ್ಲದ ಕಂಪೆನಿಗಳು ಯಾದಿಗೆ ಬರುವುದು ಹೇಗೆಂದು ನಮ್ಮಂತಹ ಬ್ಯಾಂಕ್ ನೌಕರರನ್ನು ಅನೇಕರು ಕೇಳುವುದುಂಟು. ಅದಕ್ಕೊಂದು ಬೇರೆ ದಾರಿಯಿದೆ. ಮೇಲಿನ ಮಾನದಂಡಗಳನ್ನು ಪೂರೈಸಲಾಗದ ಕಂಪೆನಿಯು ಶೇರುಗಳಲ್ಲಿ ಕನಿಷ್ಠ ಶೇ. 75ನ್ನು ಮ್ಯೂಚುವಲ್ ಫಂಡ್, ವಿಮಾ ಸಂಸ್ಥೆಗಳಂತಹ ದೊಡ್ಡ ಹೂಡಿಕೆದಾರರಿಗೇ ಹಂಚಬೇಕು. ಅವರು ಕೊಳ್ಳದಿದ್ದರೆ ಹಣವನ್ನು ಹಿಂತಿರುಗಿಸಬೇಕು. ಆಗ ಚಿಲ್ಲರೆ ಹೂಡಿಕೆದಾರರಿಗೆ ಉಳಿಯುವುದು ಹೆಚ್ಚೆಂದರೆ ಶೇ. 10, ಲಾಭದ ದಾರಿಯಲ್ಲಿ ಬಂದಿದ್ದರೆ ಕನಿಷ್ಠ ಶೇ. 35 ದೊರೆಯುತ್ತಿತ್ತು. ನಿವೃತ್ತಿಯ ಗಂಟನ್ನು ತೊಡಗಿಸುವ ಮುನ್ನ ನಮ್ಮ ಓದುಗರು ಈ ಒಂದು ಅಂಕಿಯನ್ನಾದರೂ ನೋಡಿಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ. 2021ರಲ್ಲಿ ಪೇಟಿಎಂ ಬಂದದ್ದು ಈ ದಾರಿಯಲ್ಲೇ. 2,150 ರೂಪಾಯಿಗೆ ನೀಡಿದ ಶೇರು ಮೊದಲ ದಿನವೇ ಕಾಲು ಭಾಗಕ್ಕೂ ಹೆಚ್ಚು ಕುಸಿಯಿತು. ಇತ್ತ 1993ರಲ್ಲಿ ಇನ್ಫೋಸಿಸ್ 95 ರೂಪಾಯಿಗೆ ನೀಡಿದ ಶೇರುಗಳಿಗೆ ಸಾಕಷ್ಟು ಅರ್ಜಿಗಳೇ ಬಂದಿರಲಿಲ್ಲವೆನ್ನಿ!

ಸಣ್ಣ ಉದ್ದಿಮೆಗಳಿಗೆ 2012ರಿಂದ ಪ್ರತ್ಯೇಕ ವೇದಿಕೆಗಳಿದ್ದು, ಅಲ್ಲಿ ಬಂಡವಾಳ 25 ಕೋಟಿ ಮೀರುವಂತಿಲ್ಲ. ಅಲ್ಲಿನ ನಿಯಮಗಳು ಸಡಿಲ, ಅಪಾಯ ಹೆಚ್ಚು.

ಸೆಬಿಯು ಕರಡು ಪತ್ರವನ್ನು ಪರಿಶೀಲಿಸುವುದು ಮಾಹಿತಿ ಪೂರ್ಣವಾಗಿದೆಯೇ ಎಂದು ತಿಳಿಯಲು ಮಾತ್ರ. ಕಂಪೆನಿಯ ಆರ್ಥಿಕ ದೃಢತೆಗೆ ತಾನು ಹೊಣೆಯಲ್ಲವೆಂಬ ಮಾತು ಪ್ರತಿಯೊಂದು ನೀಡಿಕೆ ಪತ್ರದಲ್ಲೂ ಅಚ್ಚಾಗಿರುತ್ತದೆ. ಅರ್ಜಿ ಮುಗಿದ ಮೂರನೆಯ ಕೆಲಸದ ದಿನ ವಹಿವಾಟು ಆರಂಭ. ಅನಂತರ ಕಂಪೆನಿಯು ಪ್ರತಿ ತ್ರೈಮಾಸಿಕದ ಲೆಕ್ಕವನ್ನು 45 ದಿನಗಳೊಳಗೆ, ವರ್ಷದ ಲೆಕ್ಕವನ್ನು 60 ದಿನಗಳೊಳಗೆ ಪ್ರಕಟಿಸಬೇಕು.